69,888 ಟಿ-ಸ್ಟೇಟ್‌ಗಳಲ್ಲಿ ಒಂದು ಜಿಗಿತ

ಗೇಮಿಂಗ್ ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ಎರಡು ಪಂಗಡ ಆಗಿಬಿಡುತ್ತೆ. ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್‌ನವರು ಆಡ್ತಾರೆ, ಇಲ್ಲದವರು ಅವರ ಮಂಚದ ತುದಿಯಲ್ಲಿ ಕೂತು ನೋಡ್ತಾರೆ. ಆಡೋರಿಗೂ ಸಮಾಧಾನ ಇಲ್ಲ. "ಲ್ಯಾಗ್ ಆಗ್ತಿದೆ ಮಚ್ಚಾ, ರ‍್ಯಾಮ್ ಸಾಲ್ತಿಲ್ಲ" ಅನ್ನೋದು ರಾತ್ರಿ ಹನ್ನೊಂದರ ಮೇಲೆ ಎಲ್ಲ ಫ್ಲೋರ್‌ನಲ್ಲೂ ಕೇಳಿಸೋ ಮಾತು. 16 ಜಿಬಿ ಸಾಲಲ್ಲ, 32 ಹಾಕಿಸಬೇಕು. ಇದನ್ನ ಕೇಳಿ ಕೇಳಿ ಸಾಕಾದ ನಾವು ಒಂದಷ್ಟು ಜನ ಈ ಸೆಮ್‌ನಲ್ಲಿ 48 ಕೆಬಿ ರ‍್ಯಾಮ್ ಇರೋ ಕಂಪ್ಯೂಟರ್‌ನ ಗೇಮ್‌ಗಳನ್ನ ಆಡ್ತಿದ್ದೀವಿ. ಲೆಕ್ಕ ಹಾಕಿ ನೋಡಿ, 16 ಜಿಬಿ ಅಂದರೆ ಅದರ ಸುಮಾರು ಮೂರೂವರೆ ಲಕ್ಷ ಪಟ್ಟು.

ಕಂಪ್ಯೂಟರ್‌ನ ಹೆಸರು ಝಡ್‌ಎಕ್ಸ್ ಸ್ಪೆಕ್ಟ್ರಮ್. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರ ಏಪ್ರಿಲ್‌ನಲ್ಲಿ ಬಿಟ್ಟಿದ್ದು. 16ಕೆ ಮಾದರಿಗೆ 125 ಪೌಂಡ್, 48ಕೆಗೆ 175 ಪೌಂಡ್. ಅಳಿಸೋ ರಬ್ಬರ್ ತರದ ಕೀಗಳು, ಮಾನಿಟರ್ ಬದಲು ಮನೆಯ ಟಿವಿ, ಡಿಸ್ಕ್ ಬದಲು ಟೇಪ್ ರೆಕಾರ್ಡರ್. ಕ್ಯಾಸೆಟ್ ಹಾಕಿ ಒಂದು ಗೇಮ್ ಲೋಡ್ ಆಗೋಕೆ ಐದು ನಿಮಿಷ ಕಾಯಬೇಕಿತ್ತು. ಒಳಗಿದ್ದಿದ್ದು 3.5 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್.

ಇಲ್ಲಿಗೇ ಕೆಲವರು "ಓ, ನಾಸ್ಟಾಲ್ಜಿಯಾನಾ" ಅಂತ ಪುಟ ಮುಚ್ಚಬಹುದು. ದಯವಿಟ್ಟು ಬೇಡ. ನಮಗೆ ಹತ್ತೊಂಬತ್ತು ವರ್ಷ, ನಾವು ಹುಟ್ಟೋ ಹೊತ್ತಿಗೆ ಆ ಮೆಷಿನ್ ಮ್ಯೂಸಿಯಮ್ ಸೇರಿತ್ತು. 1980ರ ದಶಕದ ಕೊನೆಯಲ್ಲಿ ಡೆಸಿಬೆಲ್ಸ್ ಅನ್ನೋ ಕಂಪನಿ ಲೈಸೆನ್ಸ್ ತಗೊಂಡು ಸ್ಪೆಕ್ಟ್ರಮ್ ಪ್ಲಸ್ ಅನ್ನ ನಮ್ಮ ದೇಶದಲ್ಲೂ ಮಾರಿತ್ತು ಅಂತ ಓದಿದ್ದೀವಿ, ಆದರೆ ನಮ್ಮ ಮನೆಗಳಲ್ಲಿ ಯಾರೂ ಅದನ್ನ ಕಂಡವರಿಲ್ಲ. ನೆನಪಿಸಿಕೊಂಡು ಕಣ್ಣೊರೆಸಿಕೊಳ್ಳೋಕೆ ನಮಗೆ ಏನೂ ಇಲ್ಲ. ನಾವು ಮಾತಾಡ್ತಿರೋದು ಆ ಹಳೇ ಮೆಷಿನ್‌ಗೆ ಈಗ, ಈ ಹತ್ತು-ಹದಿನೈದು ವರ್ಷಗಳಲ್ಲಿ ಬಂದಿರೋ ಹೊಸ ಆ್ಯಕ್ಷನ್ ಗೇಮ್‌ಗಳ ಬಗ್ಗೆ. ಹೋಂಬ್ರೂ ಅಂತಾರೆ ಇವಕ್ಕೆ. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬರೋ ನಾಲ್ಕು ಜನರೋ ಮನೆಯಲ್ಲಿ ಕೂತು ಬರೆದ ಗೇಮ್‌ಗಳು. ನಮ್ಮ ವಾದ ಇಷ್ಟೇ: ನಮ್ಮ ಕ್ಯಾಂಪಸ್‌ನಲ್ಲಿ ಪ್ರೋಗ್ರಾಮ್ ಬರೆಯೋ ಪ್ರತಿಯೊಬ್ಬರೂ ಇವನ್ನ ಆಡಬೇಕು, ಯಾಕಂದರೆ ನಾವು ಬರೆಯೋ ಕೋಡ್‌ಗೆ ಎಷ್ಟು ಸಮಯ ಹಿಡಿಯುತ್ತೆ ಅನ್ನೋ ಪ್ರಶ್ನೆಯನ್ನ ನಾಲ್ಕು ಸೆಮಿಸ್ಟರ್ ಆದರೂ ನಮ್ಮನ್ನ ಯಾರೂ ಕೇಳಿಲ್ಲ. ಈ ಗೇಮ್‌ಗಳು ಕೇಳುತ್ತವೆ.

ನಮ್ಮ ಮೈಕ್ರೋಕಂಟ್ರೋಲರ್ ಲ್ಯಾಬ್‌ನ ಮೊದಲನೇ ಎಕ್ಸ್‌ಪೆರಿಮೆಂಟ್ ನೆನಪಿದೆಯಾ? ಬ್ಲಾಕ್ ಟ್ರಾನ್ಸ್‌ಫರ್. ಮೆಮೊರಿಯ ಒಂದು ಕಡೆ ಇರೋ ಹತ್ತು ಬೈಟ್‌ಗಳನ್ನ ಇನ್ನೊಂದು ಕಡೆಗೆ ಕಾಪಿ ಮಾಡು. ಸಿಮ್ಯುಲೇಟರ್‌ನಲ್ಲಿ ರನ್ ಮಾಡ್ತೀವಿ, ಆ ವಿಳಾಸದಲ್ಲಿ ನಂಬರ್ ಕಾಣಿಸುತ್ತೆ, ರೆಕಾರ್ಡ್‌ಗೆ ಸೈನ್ ಬೀಳುತ್ತೆ, ಮುಂದಿನ ಪುಟ. ವೈವಾದಲ್ಲಿ "ಡಿಪಿಟಿಆರ್ ಎಷ್ಟು ಬಿಟ್?" ಅಂತ ಕೇಳ್ತಾರೆ. ಇಡೀ ಪ್ರೋಗ್ರಾಮ್‌ಗೆ ಎಷ್ಟು ಸೈಕಲ್ ಹಿಡೀತು ಅಂತ ಕೇಳಲ್ಲ.

ಈಗ ಅದೇ ಎಕ್ಸ್‌ಪೆರಿಮೆಂಟನ್ನ ಸ್ಪೆಕ್ಟ್ರಮ್‌ನಲ್ಲಿ ಮಾಡೋಣ. ಅದರ ಪರದೆ 256 ಅಡ್ಡ, 192 ಉದ್ದದ ಚುಕ್ಕಿಗಳು. ಒಂದು ಚುಕ್ಕಿಗೆ ಒಂದು ಬಿಟ್, ಒಟ್ಟು 6,144 ಬೈಟ್. ಬಣ್ಣಕ್ಕೆ ಬೇರೆ 768 ಬೈಟ್. ಎರಡೂ ಸೇರಿ 6,912. ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬಿಡಿಸುತ್ತೆ, ಹಾಗಾಗಿ ಒಂದು ಫ್ರೇಮ್‌ಗೆ ಪ್ರೊಸೆಸರ್‌ಗೆ ಸಿಗೋದು ಸರಿಯಾಗಿ 69,888 ಟಿ-ಸ್ಟೇಟ್. ಝಡ್80ಯಲ್ಲಿ ಬ್ಲಾಕ್ ಟ್ರಾನ್ಸ್‌ಫರ್‌ಗೆ ಒಂದೇ ಇನ್‌ಸ್ಟ್ರಕ್ಷನ್ ಸಾಕು, ಎಲ್‌ಡಿಐಆರ್. ನಾವು ಲೂಪ್ ಬರೆದು ಒದ್ದಾಡೋದನ್ನ ಅದು ತಾನೇ ಮಾಡುತ್ತೆ. ಒಂದು ಬೈಟ್‌ಗೆ 21 ಟಿ-ಸ್ಟೇಟ್. ಹಿಂದೆ ತಯಾರು ಮಾಡಿಟ್ಟುಕೊಂಡ ಇಡೀ ಚಿತ್ರವನ್ನ ಪರದೆಗೆ ಕಾಪಿ ಮಾಡೋಣ ಅಂತ ಹೊರಟರೆ 6,912 ಗುಣಿಸು 21, ಅಂದರೆ 1,45,152. ಎರಡು ಫ್ರೇಮ್‌ಗಿಂತ ಜಾಸ್ತಿ! ಬರೀ ಕಾಪಿ ಮಾಡೋಕೆ. ಇನ್ನೂ ಹೀರೋ ಹೆಜ್ಜೆ ಇಟ್ಟಿಲ್ಲ, ಶತ್ರು ಅಲುಗಾಡಿಲ್ಲ, ಗುಂಡು ಹಾರಿಲ್ಲ, ಕೀ ಒತ್ತಿದ್ದಾರಾ ಅಂತಲೂ ನೋಡಿಲ್ಲ.

ಹಾಗಾದರೆ ಸೆಕೆಂಡಿಗೆ 50 ಸಲ ನುಣ್ಣಗೆ ಓಡೋ ಆ್ಯಕ್ಷನ್ ಗೇಮ್ ಅದರಲ್ಲಿ ಹೇಗೆ ಬಂತು? ನಮ್ಮನ್ನ ಹಿಡಿದು ಕೂರಿಸಿದ್ದು ಈ ಪ್ರಶ್ನೆಯೇ.

ಒಂದು ಉಪಾಯ ಕೇಳಿ. ಪುಶ್ ಅನ್ನೋ ಇನ್‌ಸ್ಟ್ರಕ್ಷನ್ ನಮಗೆ ಗೊತ್ತು, ಸ್ಟ್ಯಾಕ್‌ಗೆ ತಳ್ಳೋದು. ಅದು 11 ಟಿ-ಸ್ಟೇಟ್‌ನಲ್ಲಿ ಒಟ್ಟಿಗೆ ಎರಡು ಬೈಟ್ ಬರೆಯುತ್ತೆ. ಪಾಪ್ 10ರಲ್ಲಿ ಎರಡು ಬೈಟ್ ಓದುತ್ತೆ. ಹಾಗಾದರೆ ಸ್ಟ್ಯಾಕ್ ಪಾಯಿಂಟರನ್ನೇ ತಗೊಂಡು ಹೋಗಿ ಪರದೆಯ ಮೆಮೊರಿ ಮೇಲೆ ಇಟ್ಟರೆ? ಇಂಟರಪ್ಟ್ ಬಂದ್ ಮಾಡಿ, ಪರದೆಯೇ ಸ್ಟ್ಯಾಕ್ ಅಂತ ಪ್ರೊಸೆಸರನ್ನ ನಂಬಿಸಿ, ಚಿತ್ರವನ್ನ ಅದರೊಳಗೆ ಪುಶ್ ಮಾಡೋದು. ಸ್ಟ್ಯಾಕ್ ಅಂದರೆ ಸಬ್‌ರೂಟೀನ್‌ನಿಂದ ವಾಪಸ್ ಬರೋ ವಿಳಾಸ ಇಡೋ ಜಾಗ ಅಂತ ಬಾಯಿಪಾಠ ಮಾಡಿದ ನಮಗೆ ಇದನ್ನ ಮೊದಲು ಓದಿದಾಗ ಅನಿಸಿದ್ದು, ಇದು ಪರ್ಮಿಷನ್ ಇಲ್ಲದೆ ಮಾಡೋ ಕೆಲಸ. ಈಗ ಎರಡು ಬೈಟ್‌ಗೆ 21, ಅಂದರೆ ಅರ್ಧ ಖರ್ಚು. ಆದರೂ ಇಡೀ ಪರದೆಗೆ 72,576 ಆಗುತ್ತೆ, ಇನ್ನೂ ಬಜೆಟ್ ಮೀರಿತು. ಅದಕ್ಕೇ ಬಹಳ ಗೇಮ್‌ಗಳಲ್ಲಿ ಆಟದ ಕಿಟಕಿ ಪರದೆಗಿಂತ ಚಿಕ್ಕದು, ಸುತ್ತ ಚಂದದ ಚೌಕಟ್ಟು. ನೋಡೋರಿಗೆ ಅಲಂಕಾರ, ಬರೆದವರಿಗೆ ಅದು ಉಳಿಸಿಕೊಂಡ ಟಿ-ಸ್ಟೇಟ್. ಇನ್ನು ಕೆಲವು ಗೇಮ್‌ಗಳು ಬದಲಾದ ಚೌಕಗಳನ್ನಷ್ಟೇ ಮತ್ತೆ ಬರೆಯುತ್ತವೆ. ಮತ್ತೆ ಕೆಲವು ಸ್ಕ್ರೋಲ್ ಮಾಡೋ ಗೋಜಿಗೇ ಹೋಗದೆ, ಹೀರೋ ಅಂಚಿಗೆ ಬಂದಾಗ ಇಡೀ ಕೋಣೆಯನ್ನೇ ಬದಲಿಸುತ್ತವೆ.

ಹೀರೋ ಒಂದೇ ಒಂದು ಚುಕ್ಕಿ ಬಲಕ್ಕೆ ಸರಿಯೋದೂ ದೊಡ್ಡ ಕಥೆ. ಒಂದು ಬೈಟ್‌ನಲ್ಲಿ ಎಂಟು ಚುಕ್ಕಿ. ಒಂದು ಚುಕ್ಕಿ ಸರಿಯಬೇಕು ಅಂದರೆ ಚಿತ್ರದ ಪ್ರತಿ ಸಾಲಿನ ಬಿಟ್‌ಗಳನ್ನೂ ಶಿಫ್ಟ್ ಮಾಡಬೇಕು, ಪಕ್ಕದ ಬೈಟ್‌ಗೆ ದಾಟಿಸಬೇಕು. ಅಷ್ಟು ಸಮಯ ಇಲ್ಲ. ಅದಕ್ಕೆ ಮೊದಲೇ ಎಂಟು ಜಾಗಕ್ಕೂ ಶಿಫ್ಟ್ ಮಾಡಿದ ಎಂಟು ಪ್ರತಿಗಳನ್ನ ಮೆಮೊರಿಯಲ್ಲಿ ಇಟ್ಟುಕೊಳ್ತಾರೆ. 16ಕ್ಕೆ 16 ಚುಕ್ಕಿಯ ಒಂದು ಬೊಂಬೆ ಅಂದುಕೊಳ್ಳಿ. ಸರಿದಾಗ ಮೂರು ಬೈಟ್ ಅಗಲ ಬೇಕು, 16 ಸಾಲು, ಹಿನ್ನೆಲೆ ಕತ್ತರಿಸೋ ಮಾಸ್ಕ್‌ಗೆ ಮತ್ತೆ ಅಷ್ಟೇ. 96 ಬೈಟ್. ಎಂಟು ಪ್ರತಿ ಅಂದರೆ 768. ನಡೆಯೋಕೆ ನಾಲ್ಕು ಭಂಗಿ, ಎಡ-ಬಲ ಎರಡು ಮುಖ: 6,144 ಬೈಟ್. ಪರದೆಯ ಚಿತ್ರಕ್ಕೆ ಹಿಡಿಯುವಷ್ಟೇ ಜಾಗ ಒಬ್ಬ ಹೀರೋ ನಡೆಯೋಕೆ ಹೋಯಿತು. ಇನ್ನು ಅವನು ಹಾರಬೇಕು, ಹೊಡೆಯಬೇಕು, ಬಿದ್ದು ಸಾಯಬೇಕು. ಸ್ಪೇಸ್-ಟೈಮ್ ಟ್ರೇಡ್ ಆಫ್ ಬಗ್ಗೆ ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್‌ಗೆ ನಾವೆಲ್ಲ ಬರೆದಿದ್ದೀವಿ. ಅದನ್ನ ಕಣ್ಣಲ್ಲಿ ನೋಡಬೇಕಾದರೆ ಒಂದು ಗೇಮ್‌ನಲ್ಲಿ ಹೀರೋ ಒಂದೊಂದೇ ಚುಕ್ಕಿ ಸರೀತಾನಾ, ಎರಡೆರಡು ಸರೀತಾನಾ, ಎಂಟೆಂಟು ಕುಪ್ಪಳಿಸ್ತಾನಾ ಅಂತ ಗಮನಿಸಿ. ಬರೆದವರು ಎಲ್ಲಿ ಖರ್ಚು ಮಾಡಿ ಎಲ್ಲಿ ಉಳಿಸಿದರು ಅಂತ ತಿಳಿದುಹೋಗುತ್ತೆ.

ಬಣ್ಣದ ವಿಷಯ ಬೇರೆ. ಎಂಟಕ್ಕೆ ಎಂಟು ಚುಕ್ಕಿಯ ಒಂದು ಚೌಕದಲ್ಲಿ ಎರಡೇ ಬಣ್ಣ, ಮುಂದಿನದ್ದು ಮತ್ತು ಹಿಂದಿನದ್ದು. ಹಸಿರು ಮರದ ಮುಂದೆ ಕೆಂಪು ಅಂಗಿಯವನು ಬಂದರೆ ಮರವೂ ಕೆಂಪಾಗುತ್ತೆ, ಇಲ್ಲ ಅವನು ಹಸಿರಾಗ್ತಾನೆ. ಹೋಳಿ ಹಬ್ಬದ ಕಥೆ. ಬ್ರೆಜಿಲ್‌ನ ಐನಾರ್ ಸೌಕಾಸ್ ಅನ್ನೋರು ಇದಕ್ಕೆ ಒಂದು ಎಂಜಿನ್ ಬರೆದರು, ಹೆಸರು ನಿರ್ವಾಣ. ಪರದೆ ಬಿಡಿಸೋ ಚಿಪ್ ಪ್ರತಿ ಸಾಲಿಗೂ ಬಣ್ಣದ ಬೈಟನ್ನ ಹೊಸದಾಗಿ ಓದುತ್ತೆ. ಅದು ಎರಡು ಸಾಲು ಮುಗಿಸುವಷ್ಟರಲ್ಲಿ ಓಡಿಹೋಗಿ ಬಣ್ಣ ಬದಲಿಸಿಬಿಟ್ಟರೆ ಎಂಟು ಸಾಲಿನ ಚೌಕ ಎರಡು ಸಾಲಿನ ಪಟ್ಟಿ ಆಗುತ್ತೆ. ಟಿವಿಯ ಕಿರಣದ ಜೊತೆ ಓಟದ ಸ್ಪರ್ಧೆ. ಒಂದೊಂದು ಟಿ-ಸ್ಟೇಟ್ ಎಣಿಸಿ ಬರೆಯಬೇಕು, ಪರದೆ ಬಿಡಿಸೋ ಹೊತ್ತಿನಲ್ಲಿ ಪ್ರೊಸೆಸರ್‌ಗೆ ಬೇರೆ ಕೆಲಸಕ್ಕೆ ಪುರುಸೊತ್ತೇ ಇರಲ್ಲ. ಮಿಕ್ಕ ಆಟವೆಲ್ಲ ಪರದೆಯ ಅಂಚು ಬಿಡಿಸೋ ಸಮಯದಲ್ಲಿ ಮುಗೀಬೇಕು.

"ಹಳೇ ಗೇಮ್‌ಗಳನ್ನೇ ಆಡಬಹುದಲ್ಲ, ಹೊಸದು ಯಾಕೆ?" ಅಂತ ನಮ್ಮ ಸೀನಿಯರ್ ಒಬ್ಬರು ಕೇಳಿದರು. ಹಳೇದನ್ನೂ ಆಡಿದ್ದೀವಿ. 1983ರ ಮ್ಯಾನಿಕ್ ಮೈನರ್, ಇಪ್ಪತ್ತು ಗುಹೆಗಳು. ಹಟ ಹಿಡಿಸುತ್ತೆ, ನಿಜ. ಆದರೆ ಆ ಕಾಲದ ಬಹಳ ಗೇಮ್‌ಗಳು ಮಾರುಕಟ್ಟೆಗೆ ಓಡಿದವು. ಕ್ರಿಸ್ಮಸ್‌ಗೆ ಮುಂಚೆ ಕ್ಯಾಸೆಟ್ ಅಂಗಡಿಯಲ್ಲಿ ಇರಬೇಕು, ಸಿನಿಮಾ ರಿಲೀಸ್ ಆಗೋ ಹೊತ್ತಿಗೆ ಅದರ ಗೇಮ್ ಬರಬೇಕು. ಅವಸರ ಎದ್ದು ಕಾಣುತ್ತೆ. ಈಗ ಬರೆಯೋರಿಗೆ ಆ ಅವಸರ ಇಲ್ಲ. ಮೂವತ್ತು ವರ್ಷ ಜನ ಕಂಡುಹಿಡಿದ ಉಪಾಯಗಳೆಲ್ಲ ಬರಹದಲ್ಲಿ ಸಿಗ್ತವೆ. ಮೆಷಿನ್ ಅದೇ, ಒಂದು ಬೈಟೂ ಬೆಳೆದಿಲ್ಲ. ಹಾಗಿದ್ದೂ ಗೇಮ್ ಉತ್ತಮ ಆಯಿತು ಅಂದರೆ ಬೆಳೆದಿದ್ದು ತಿಳಿವಳಿಕೆ ಮಾತ್ರ. ಹಾರ್ಡ್‌ವೇರ್ ಬದಲಾಯಿಸದೆ ಬರೀ ತಿಳಿವಳಿಕೆ ಎಷ್ಟು ದೂರ ಒಯ್ಯುತ್ತೆ ಅಂತ ಅಳೆಯೋಕೆ ಇದಕ್ಕಿಂತ ಚೆನ್ನಾದ ಪ್ರಯೋಗ ನಮಗೆ ಗೊತ್ತಿಲ್ಲ.

ಎರಡು ಮೂರು ಹೆಸರು ಹೇಳ್ತೀವಿ. ಡೆನಿಸ್ ಗ್ರಾಚೆವ್ ಅವರ ಓಲ್ಡ್ ಟವರ್‌ನಿಂದ ಶುರು ಮಾಡಿ. ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಗೋಡೆ ಸಿಗೋ ತನಕ ನಿಲ್ಲಲ್ಲ, ಅದೇ ಇಡೀ ನಿಯಮ. ಎರಡು ನಿಮಿಷದಲ್ಲಿ ಅರ್ಥ ಆಗುತ್ತೆ, ಎರಡು ಗಂಟೆ ಬಿಡಲ್ಲ. ಮೈಟಿ ಫೈನಲ್ ಫೈಟ್ ಇನ್ನೊಂದು. ಕ್ಯಾಪ್‌ಕಾಮ್‌ನವರು ನಿಂಟೆಂಡೋಗೆ ಮಾಡಿದ್ದ ಬೀದಿ ಹೊಡೆದಾಟವನ್ನ 2018ರಲ್ಲಿ 128ಕೆ ಸ್ಪೆಕ್ಟ್ರಮ್‌ಗೆ ತಂದಿದ್ದು. ಇಬ್ಬರು ಮೂವರು ರೌಡಿಗಳು ಒಟ್ಟಿಗೆ ಮೈಮೇಲೆ ಬಂದಾಗ ಮೇಲಿನ 6,144ರ ಲೆಕ್ಕ ನೆನಪು ಮಾಡಿಕೊಳ್ಳಿ. 2015ರ ಕ್ಯಾಸಲ್‌ವೇನಿಯಾ: ಸ್ಪೆಕ್ಟ್ರಲ್ ಇಂಟರ್‌ಲ್ಯೂಡ್ ಕೂಡ 128ಕೆಯದ್ದು. ಚಾಟಿ ಹಿಡಿದು ಅಲೆಯೋ ದೊಡ್ಡ ಸಾಹಸ, ಅಭಿಮಾನಿಗಳೇ ಮಾಡಿದ್ದು. ಇದಕ್ಕೆ ಒಂದು ವಾರಾಂತ್ಯ ಬೇಕು. ಇಂಟರ್ನಲ್ಸ್ ವಾರದಲ್ಲಿ ತೆಗೀಬೇಡಿ.

ರಷ್ಯಾ ಕಡೆಯಿಂದ ಇಷ್ಟೊಂದು ಗೇಮ್ ಯಾಕೆ ಬರ್ತವೆ ಅನ್ನೋದರ ಹಿಂದೆಯೂ ಒಂದು ಚರಿತ್ರೆ ಇದೆ. ಸೋವಿಯತ್ ಒಕ್ಕೂಟದಲ್ಲಿ ಮೂಲ ಸ್ಪೆಕ್ಟ್ರಮ್ ಅಂಗಡಿಯಲ್ಲಿ ಸಿಗೋ ವಸ್ತು ಆಗಿರಲಿಲ್ಲ. ಅಲ್ಲಿನ ಎಂಜಿನಿಯರ್‌ಗಳು ಅದರ ಸರ್ಕ್ಯೂಟ್ ಬಿಡಿಸಿಕೊಂಡು, ಸಿಂಕ್ಲೇರ್‌ನ ವಿಶೇಷ ಚಿಪ್‌ನ ಕೆಲಸವನ್ನ ಮಾಮೂಲಿ ಲಾಜಿಕ್ ಚಿಪ್‌ಗಳಲ್ಲೇ ಮಾಡಿ, ತಾವೇ ಬೆಸುಗೆ ಹಾಕಿಕೊಂಡರು. ಲೆನಿನ್‌ಗ್ರಾಡ್, ಪೆಂಟಗಾನ್ ಅಂತೆಲ್ಲ ಹೆಸರು. ಬೇರೆ ಕಡೆ ಸ್ಪೆಕ್ಟ್ರಮ್ ಅಟ್ಟ ಸೇರಿದ ಮೇಲೂ ಅಲ್ಲಿ 1990ರ ದಶಕದುದ್ದಕ್ಕೂ ಬದುಕಿತ್ತು. ನಮ್ಮಂಥವರಿಗೆ ಖುಷಿ ಕೊಡೋ ಒಂದು ವಿವರ: ಪೆಂಟಗಾನ್‌ನ ಫ್ರೇಮ್ 69,888 ಅಲ್ಲ, 71,680. ಹಾಗಾಗಿ ಒಂದಕ್ಕೆ ಎಣಿಸಿ ಬರೆದ ಬಣ್ಣದ ಓಟ ಇನ್ನೊಂದರಲ್ಲಿ ಹೆಜ್ಜೆ ತಪ್ಪುತ್ತೆ.

ಎಲ್ಲ ಹೋಂಬ್ರೂ ಚಿನ್ನ ಅಂತ ನಾವು ಹೇಳಲ್ಲ. ಬಹುಪಾಲು ಸಾಧಾರಣ. ಸ್ಪೇನ್‌ನ ಮೊಜೋನ್ ಟ್ವಿನ್ಸ್ ಅವರ ಚುರ್ರೇರಾ, ಜೊನಾಥನ್ ಕಾಲ್ಡ್‌ವೆಲ್ ಅವರ ಆರ್ಕೇಡ್ ಗೇಮ್ ಡಿಸೈನರ್ ತರದ ರೆಡಿಮೇಡ್ ಸಾಧನಗಳು ಬಂದ ಮೇಲೆ ಯಾರು ಬೇಕಾದರೂ ಗೇಮ್ ಮಾಡಬಹುದಾಯಿತು. ಅದು ಒಳ್ಳೇದೇ. ಆದರೆ ಅವುಗಳಲ್ಲಿ ಎಷ್ಟೋ ಗೇಮ್‌ಗಳ ಜಿಗಿತ ಒಂದೇ, ಶತ್ರುಗಳ ಹಿಂದೆ-ಮುಂದೆ ಓಡಾಟ ಒಂದೇ. ಮೆಸ್ ಸಾಂಬಾರ್ ತರ, ಸೋಮವಾರ ಬದನೆಕಾಯಿ ಮಂಗಳವಾರ ಮೂಲಂಗಿ, ಕೆಳಗಿನ ನೀರು ಅದೇ. ತಾಗದೇ ಇದ್ದಾಗಲೂ ಸಾಯಿಸೋ ಗೇಮ್‌ಗಳನ್ನಂತೂ ನಾವು ಐದು ನಿಮಿಷಕ್ಕೆ ಮುಚ್ಚಿದ್ದೀವಿ. ಹಳೇ ಮೆಷಿನ್ ಅಂತ ರಿಯಾಯಿತಿ ಕೊಡೋದು ಆ ಮೆಷಿನ್‌ಗೂ ಅವಮಾನ. ಅದರ ಕೀಬೋರ್ಡ್‌ಗೂ ಗೇಮ್‌ಗೂ ಮಧ್ಯೆ ಡ್ರೈವರ್ ಇಲ್ಲ, ಬ್ಯಾಕ್‌ಗ್ರೌಂಡ್‌ನಲ್ಲಿ ಅಪ್‌ಡೇಟ್ ಇಲ್ಲ. ಒಂದು ಪೋರ್ಟ್, ಒಂದು ಇನ್‌ಸ್ಟ್ರಕ್ಷನ್, ಕೀ ಒತ್ತಿದ್ದು ಗೊತ್ತಾಯಿತು. ಅಂಥಲ್ಲಿ ಜಿಗಿತ ತಡವಾದರೆ ದೂರು ಹೇಳೋಕೆ ಬರೆದವರ ಹೊರತು ಬೇರೆ ಯಾರೂ ಇಲ್ಲ.

ಮೋಸದ ಬಗ್ಗೆ ನಮ್ಮೊಳಗೇ ಜಗಳ ಆಗಿದೆ. ಈಗಿನ ಪಿಸಿಯಲ್ಲಿ ಅಸೆಂಬ್ಲರ್ ಇಟ್ಟುಕೊಂಡು ಬರೆಯೋದು ಮೋಸ ಅಲ್ವಾ ಅಂತ. ಅಲ್ಲ. ಆಗಲೂ ಎಷ್ಟೋ ಕಂಪನಿಗಳು ಬೇರೆ ಕಂಪ್ಯೂಟರ್‌ನಲ್ಲಿ ಬರೆದು ಕೇಬಲ್‌ನಲ್ಲಿ ಸ್ಪೆಕ್ಟ್ರಮ್‌ಗೆ ಕಳಿಸ್ತಿದ್ದವು. ಓಡಬೇಕಾದ ಜಾಗದಲ್ಲಿ ಓಡಿದರೆ ಆಯಿತು. ಆದರೆ ಹೊಸ ವೇಗದ ಚಿಪ್ ಇರೋ ಕಾರ್ಡ್ ಸಿಕ್ಕಿಸಿ "ನೋಡಿ, ಸ್ಪೆಕ್ಟ್ರಮ್‌ನಲ್ಲಿ ಓಡ್ತಿದೆ" ಅಂದರೆ ನಾವು ಒಪ್ಪಲ್ಲ. ಅದು ಸ್ಪೆಕ್ಟ್ರಮ್‌ನ ಡಬ್ಬದಲ್ಲಿರೋ ಬೇರೆ ಕಂಪ್ಯೂಟರ್. ಪಿಕ್ಸೆಲ್ ಆರ್ಟ್ ಅಂತ ಮೊಬೈಲ್‌ನಲ್ಲಿ ಬರೋ ಹೊಸ ಗೇಮ್‌ಗಳ ಬಗ್ಗೆಯೂ ಅದೇ ಮಾತು. ನೋಡೋಕೆ ಹಳೇದು, ಒಳಗೆ ನೂರಾರು ಎಂಬಿ. ಫ್ಯಾನ್ಸಿ ಡ್ರೆಸ್ ಅದು, ಚೆನ್ನಾಗಿರಬಹುದು, ಆದರೆ ಬಜೆಟ್‌ನ ಉಸಿರುಕಟ್ಟು ಅದರಲ್ಲಿ ಇಲ್ಲ.

ಆಡೋಕೆ ಏನು ಬೇಕು ಅಂತ ಕೇಳೋರಿಗೆ: ಏನೂ ಬೇಡ. ಫ್ಯೂಸ್ ಅನ್ನೋ ಎಮ್ಯುಲೇಟರ್ ಉಚಿತ. ಸ್ಪೆಕ್ಟ್ರಮ್‌ನ ರಾಮ್ ಹಂಚೋಕೆ ಅದರ ಒಡೆತನ ಕೊಂಡಿದ್ದ ಆಮ್‌ಸ್ಟ್ರಾಡ್ ಕಂಪನಿಯೇ ಅನುಮತಿ ಕೊಟ್ಟಿದೆ. ಹೊಸ ಗೇಮ್‌ಗಳಲ್ಲಿ ಬಹಳಷ್ಟನ್ನ ಬರೆದವರೇ ಉಚಿತವಾಗಿಯೋ ಇಷ್ಟವಿದ್ದಷ್ಟು ದುಡ್ಡಿಗೋ ಕೊಡ್ತಾರೆ. ಅಣ್ಣನಿಂದ ಬಂದ ಎಂಟು ವರ್ಷ ಹಳೇ ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ವೇಗದಲ್ಲಿ ಓಡುತ್ತೆ. ಮೊದಲ ಪ್ಯಾರಾದಲ್ಲಿ ಮಂಚದ ತುದಿಯಲ್ಲಿ ಕೂರಿಸಿದ್ದೆವಲ್ಲ, ಅವರನ್ನ ಮರೆತಿಲ್ಲ. ನಮ್ಮ ಫ್ಲೋರ್‌ನಲ್ಲಿ ಓಲ್ಡ್ ಟವರ್‌ನಲ್ಲಿ ಎಲ್ಲರಿಗಿಂತ ಮುಂದೆ ಇರೋದು ಸ್ವಂತ ಲ್ಯಾಪ್‌ಟಾಪ್ ಇಲ್ಲದ, ಲೈಬ್ರರಿ ಪಿಸಿಯಲ್ಲಿ ಅಸೈನ್‌ಮೆಂಟ್ ಮಾಡೋ ಹುಡುಗ. ಒಂದೇ ಷರತ್ತು, ಎಮ್ಯುಲೇಟರ್‌ನಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡೋ ಸೌಲಭ್ಯ ಇದೆ, ಮೊದಲ ವಾರ ಅದನ್ನ ಮುಟ್ಟಬೇಡಿ.

ನಮ್ಮ ಲ್ಯಾಬ್‌ಗೆ ನಾವು ಕೇಳೋದೂ ಒಂದಿದೆ. ಝಡ್80 ನಮಗೆ ಹೊರಗಿನದ್ದಲ್ಲ. ಇಂಟೆಲ್‌ನಲ್ಲಿ 8080 ಮಾಡಿದ ತಂಡದ ಫೆಡೆರಿಕೋ ಫಾಜಿನ್ ಅಲ್ಲಿಂದ ಹೊರಬಂದು ಝೈಲಾಗ್ ಕಟ್ಟಿ, 1976ರಲ್ಲಿ ತಂದ ಚಿಪ್ ಅದು. 8080ಯ ಪ್ರೋಗ್ರಾಮ್‌ಗಳು ಅದರಲ್ಲಿ ಹಾಗೇ ಓಡ್ತವೆ. ನಮ್ಮ ಸೀನಿಯರ್‌ಗಳು ಲ್ಯಾಬ್‌ನಲ್ಲಿ ಕಲಿತ 8085 ಅದರ ದಾಯಾದಿ. ಹಾಗಾಗಿ ಸಿಲಬಸ್ ಬದಲಾಯಿಸಿ ಅಂತ ಕೇಳ್ತಿಲ್ಲ. ಅದೇ ಬ್ಲಾಕ್ ಟ್ರಾನ್ಸ್‌ಫರ್ ಇರಲಿ, 8051ರಲ್ಲೇ ಇರಲಿ. "ಇದನ್ನ ಇಷ್ಟು ಸೈಕಲ್ ಒಳಗೆ ಮುಗಿಸು" ಅನ್ನೋ ಒಂದು ಸಾಲು ಸೇರಿಸಿ. ಅಷ್ಟು ಸೇರಿಸಿದರೆ ಲಾಸ್ಟ್ ಬೆಂಚಿನವರು ಹಿಂದಿನ ವರ್ಷದ ರೆಕಾರ್ಡ್ ಕಾಪಿ ಮಾಡೋದನ್ನ ಬಿಟ್ಟು ತಲೆ ಕೆರೆದುಕೊಳ್ಳೋದನ್ನ ನೋಡಬಹುದು. ಮೇಷ್ಟ್ರುಗಳು ಓದ್ತಿದ್ದರೆ, ಇದು ಮನವಿ.

ಈಗ ಕನ್ನಡದ ಮಾತು, ಕ್ಲಬ್ ಪತ್ರಿಕೆ ಅಲ್ವಾ. ಕನ್ನಡದಲ್ಲಿ ಮಾತಾಡೋ ಒಂದೇ ಒಂದು ಸ್ಪೆಕ್ಟ್ರಮ್ ಗೇಮನ್ನ ನಾವು ಕಂಡಿಲ್ಲ. ನಾವೇ ಯಾಕೆ ಮಾಡಬಾರದು ಅಂತ ಗ್ರಾಫ್ ಶೀಟ್ ತಗೊಂಡು ಕೂತಿದ್ದೀವಿ. ಇಂಗ್ಲಿಷ್ ಅಕ್ಷರಕ್ಕೆ ಎಂಟಕ್ಕೆ ಎಂಟರ ಚೌಕ ಸಾಕು. ನಮ್ಮ 'ಕ'ದ ತಲೆಕಟ್ಟು, ಹೊಟ್ಟೆ, ಕೆಳಗಿನ ಒತ್ತು ಎಲ್ಲ ಅದರೊಳಗೆ ತುರುಕಿದರೆ ಸೊಳ್ಳೆ ಸತ್ತ ಹಾಗೆ ಕಾಣುತ್ತೆ. 16ಕ್ಕೆ 16 ಬೇಕು, ಅಂದರೆ ಒಂದು ಅಕ್ಷರಕ್ಕೆ ನಾಲ್ಕು ಚೌಕ. ಸ್ಪೆಕ್ಟ್ರಮ್‌ನಲ್ಲಿ ನಾವೇ ಬಿಡಿಸಿಕೊಳ್ಳೋ ಚೌಕಗಳು 21, ಐದು ಅಕ್ಷರಕ್ಕೇ ಖಾಲಿ. ಆದರೆ 23606ನೇ ವಿಳಾಸದಲ್ಲಿರೋ ಪಾಯಿಂಟರ್ ಬದಲಾಯಿಸಿದರೆ 96 ಚೌಕದ ಇಡೀ ಅಕ್ಷರಮಾಲೆಯೇ ನಮ್ಮದಾಗುತ್ತೆ. ಆ್ಯಕ್ಷನ್ ಗೇಮ್‌ಗೆ ಬೇಕಾಗೋ ಮಾತು ಎಷ್ಟು? ಅಂಕ, ಜೀವ, ಆಟ ಮುಗಿಯಿತು. ಹತ್ತು ಅಕ್ಷರ. 'ಮು' ಮತ್ತು 'ಯಿ' ಅಗಲ ಜಾಸ್ತಿ, ಅವೆರಡಕ್ಕೆ ಆರಾರು ಚೌಕ, ಉಳಿದ ಎಂಟಕ್ಕೆ ನಾಲ್ಕು ನಾಲ್ಕು. ಒಟ್ಟು 44 ಚೌಕ, 352 ಬೈಟ್. ಇಲ್ಲಿಯ ತನಕ ಏಳು ಅಕ್ಷರ ಬಿಡಿಸಿ ಆಗಿದೆ. 'ಜೀ'ಯ ದೀರ್ಘ ಚೌಕದಿಂದ ಎರಡು ಚುಕ್ಕಿ ಹೊರಗೆ ಹೋಗ್ತಿದೆ, ಗ್ರಾಫ್ ಶೀಟ್ ನೋಟೀಸ್ ಬೋರ್ಡ್ ಪಕ್ಕದಲ್ಲೇ ಅಂಟಿಸಿದ್ದೀವಿ, ಪೆನ್ಸಿಲ್ ಕೂಡ ಇದೆ.